ಶೆಡ್ಡಿಗೆ ಉಡಿ ತುಂಬಿದ ವರ್ಷ

ಹೋದ ಮಳೆಗಾಲದಲ್ಲಿ ಶ್ರೀರಾಮನಗರದ ಒಂದು ಅಕ್ಕಿ ಮಿಲ್ಲಿನ ಹಿಂದೆ ನಿಂತು ಭತ್ತದ ಹೊಟ್ಟಿನ ದರ ಕುದುರಿಸುತ್ತಿದ್ದೆ. ಮಾತು ಇನ್ನೇನು ನನ್ನ ಕಡೆಗೆ ವಾಲಬೇಕು, ಅಷ್ಟರಲ್ಲಿ ಗಾಳಿ ತಿರುಗಿತು. ಒಣ ಹೊಟ್ಟಿನ ಮೇಲೆ ನಾಲ್ಕು ಹನಿ ಬಿದ್ದಾಗ ಏಳುತ್ತದಲ್ಲ, ಅರ್ಧ ಮಣ್ಣು ಅರ್ಧ ಧೂಳಿನ ವಾಸನೆ, ಅದು ಮೂಗಿಗೆ ಹೊಡೆಯಿತು. ನಾನು ಮಾತು ನಿಲ್ಲಿಸಿದೆ. ಮಿಲ್ಲಿನವನು ಇದು ನನ್ನ ಹೊಸ ಪಟ್ಟು ಎಂದುಕೊಂಡು ತಾನಾಗಿಯೇ ದರ ಇಳಿಸಿದ. ವ್ಯಾಪಾರದಲ್ಲಿ ಸುಮ್ಮನಿರುವುದಕ್ಕೂ ಬೆಲೆ ಇದೆ, ಬೇಕಾದವರು ಕಲಿತಿಟ್ಟುಕೊಳ್ಳಿ. ಆದರೆ ಅವತ್ತು ನಾನು ಹಾಕಿದ್ದು ಪಟ್ಟಲ್ಲ. ಆ ವಾಸನೆ ನನ್ನನ್ನು ಎಂಬತ್ತರ ದಶಕದ ಶುರುವಿನ ಒಂದು ವರ್ಷಕ್ಕೆ ಎಳೆದುಕೊಂಡು ಹೋಗಿ, ನನ್ನ ತಂಗಿ ಹುಲಿಗೆವ್ವನ ಕೋಳಿ ಶೆಡ್ಡಿನ ಬಾಗಿಲಲ್ಲಿ ನಿಲ್ಲಿಸಿತ್ತು.

ನಾವು ಹನುಮಸಾಗರದ ಕಡೆಯ ಒಣ ಬೇಸಾಯದವರು. ಏಳನೆಯ ತರಗತಿಗೆ ಶಾಲೆ ಬಿಟ್ಟ ನಾನು ಹಳ್ಳಿ ಹಳ್ಳಿ ತಿರುಗಿ ಜವಾರಿ ಕೋಳಿಯ ತತ್ತಿ ಕೊಂಡು, ಬುಟ್ಟಿಯಲ್ಲಿ ಹೊಟ್ಟು ಹಾಸಿ ಜೋಡಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಗಂಗಾವತಿಯ ಖಾನಾವಳಿಗಳಿಗೆ ಮಾರಿ ಬೆಳೆದವಳು. ತತ್ತಿ ನೀಲವ್ವ ಎಂದರೆ ಬಸ್ಸಿನ ಕಂಡಕ್ಟರನೂ ಬ್ರೇಕು ಮೆಲ್ಲಗೆ ಹಾಕಿಸುತ್ತಿದ್ದ. ಹುಲಿಗೆವ್ವನನ್ನು ಕಾಲುವೆ ನೀರಿನ ಊರಿಗೆ ಕೊಟ್ಟಿದ್ದೆವು. ಹಸಿರು ನೋಡಿ ಕೊಟ್ಟಿದ್ದೆವು. ಅವಳ ಗಂಡ ನಾಗಪ್ಪ ಛಲೋ ಆಳು. ಒಂದು ಚಳಿಗಾಲ ಅವನ ಒಸಡಿನಿಂದ ರಕ್ತ ಒಸರತೊಡಗಿತು, ತೊಡೆಯ ಮೇಲೆ ಯಾರೂ ಹೊಡೆಯದೆ ನೀಲಿ ಬಾಸುಂಡೆ ಎದ್ದವು. ಬಳ್ಳಾರಿಯ ದವಾಖಾನೆಯಲ್ಲಿ, ರಕ್ತದ ಬಿಳಿ ಕಣಗಳು ಹಾದಿ ತಪ್ಪಿ ಹೆಚ್ಚಿವೆ, ಇದು ರಕ್ತದ ಕ್ಯಾನ್ಸರ್ ಎಂದರು. ಬಿತ್ತುವ ಹೊತ್ತಿಗೆ ನಾಗಪ್ಪ ಇರಲಿಲ್ಲ.

ವರ್ಷ ಕಳೆಯುವುದರೊಳಗೆ ಅವಳ ಭಾವ, ನಾಗಪ್ಪನ ಅಣ್ಣ ದುರಗಪ್ಪ ಪಂಚರನ್ನು ಕೂಡಿಸಿದ. ಹುಲಿಗೆವ್ವನ ಪಾಲಿಗೆ ಉಳಿದದ್ದು ಹೊಲದ ದಿಬ್ಬದ ಒಂದು ಮೂಲೆ. ನೀರು ಹತ್ತದ ಜಾಗ. ಅಲ್ಲಿ ಕೋಳಿ ಶೆಡ್ಡು ಹಾಕಿ ಬದುಕುತ್ತೇನೆ ಎಂದಳು ನನ್ನ ತಂಗಿ. ದುರಗಪ್ಪನಿಗೆ ಅದೇ ಜಾಗ ಭತ್ತದ ಕಣಕ್ಕೆ ಬೇಕಿತ್ತು.

"ಅಕ್ಕಾರ, ನಿಮ್ಮ ತಂಗೀನ ತವರಿಗೆ ಕರಕೊಂಡು ಹೋಗ್ರಿ. ಹೆಣ್ಣಮಗಳು ಒಬ್ಬಾಕಿ ಹೊಲದಾಗ ಕೋಳಿ ಕಾಯ್ತಾಳಂದ್ರ ನರಿ ಸೈತ ನಗತಾವು" ಎಂದ.

"ನರಿ ನಗಲಿ ಬಿಡ್ರಿ ಭಾವಾರ, ಅವು ಜಾಗ ಕೇಳೂದಿಲ್ಲಲ್ಲ" ಎಂದೆ.

ಪಂಚರು ನಕ್ಕರು. ಎದುರಿನವರನ್ನು ಒಮ್ಮೆ ನಗಿಸಿದರೆ ಅರ್ಧ ವ್ಯವಹಾರ ಮುಗಿಯುತ್ತದೆ. ದೀಪಾವಳಿ ತನಕ ಗಡುವು ಎಂದವನನ್ನು ಯುಗಾದಿಗೆ ಎಳೆದೆ. ಕೊನೆಗೆ ಮಾತು ಹೀಗೆ ನಿಂತಿತು: ಈ ಯುಗಾದಿಯಿಂದ ಬರುವ ಯುಗಾದಿಯವರೆಗೆ ಶೆಡ್ಡು ಒಂದು ದಿನವೂ ಖಾಲಿ ಬೀಳಬಾರದು. ಬಿದ್ದರೆ ಜಾಗ ದುರಗಪ್ಪನದು, ಹುಲಿಗೆವ್ವ ತವರಿಗೆ. ಬೀಳದಿದ್ದರೆ ಜಾಗ ಅವಳದು, ಮತ್ತೆ ಯಾರೂ ಕೇಳಬಾರದು. ಎಷ್ಟು ಕೋಳಿ ಇರಬೇಕು ಎಂದು ಮಾತ್ರ ಯಾರೂ ಅನ್ನಲಿಲ್ಲ. ನಾನು ಆ ಮಾತು ಬರುವುದರೊಳಗೆ ಎದ್ದು ಚಹಾ ತರಿಸಿದ್ದೆ.

ಬಿದಿರಿನ ಕಂಬ, ಹುಲ್ಲಿನ ಹೊದಿಕೆ, ಎದೆ ಮಟ್ಟದಿಂದ ಮೇಲೆ ತಂತಿ ಜಾಲರಿ. ಮಿಲ್ಲಿನಿಂದ ಹೊಸ ಹೊಟ್ಟು ತಂದು ದಪ್ಪಗೆ ಹಾಸಿದೆವು. ಮರಿ ಸಿಗುವುದು ಕಷ್ಟವಿತ್ತು. ಹುಟ್ಟಿದ ದಿನವೇ ಸೂಜಿ ಹಾಕಿಸಿಕೊಂಡ ಮರಿಗಳು ಆಂಧ್ರದ ಕಡೆಯಿಂದ ಬರುತ್ತಿದ್ದವು, ಬಂದವೆಲ್ಲ ದೊಡ್ಡ ಶೆಡ್ಡಿನವರಿಗೇ ಹೋಗುತ್ತಿದ್ದವು. ನಾನು ಎಷ್ಟು ಜಗ್ಗಿದರೂ ನಮಗೆ ಸಿಕ್ಕಿದ್ದು ಸೂಜಿ ಕಾಣದ ಮರಿ. ಅದು ಎಂಥ ಸೂಜಿ, ಯಾವುದಕ್ಕೆ ಹಾಕುತ್ತಾರೆ, ಕೊಡುವವನಿಗೂ ಗೊತ್ತಿರಲಿಲ್ಲ.

ಮರಿ ಬಂದ ದಿನ ಪಕ್ಕದ ವಲಸೆಗಾರರ ಕ್ಯಾಂಪಿನಿಂದ ವೆಂಕಾಯಮ್ಮ ಬಂದಳು. ಗುಂಟೂರಿನ ಕಡೆಯಿಂದ ಬಂದು ನೆಲೆಯೂರಿದ ಮುದುಕಿ, ಸುತ್ತಲಿನ ಅತಿ ದೊಡ್ಡ ಶೆಡ್ಡಿನ ಒಡತಿ. ನಾಗಪ್ಪ ಹೋದ ಮೇಲೆ ಹುಲಿಗೆವ್ವನ ಜೊತೆ ಕೂತು ಉಂಡವಳು ಇವಳೊಬ್ಬಳೇ. ತಲೆಯ ಮೇಲೆ ಕಾಳು ಕೇರುವ ಮರ, ಮರದ ತುಂಬ ಅವಳ ಶೆಡ್ಡಿನ ಹಳೆಯ ಹೊಟ್ಟು, ಬೂದುಬಣ್ಣದ್ದು, ಪುಕ್ಕದ ಚೂರು ಬೆರೆತದ್ದು. ಮೇಲೆ ಅರಿಸಿನ, ಕುಂಕುಮ, ಒಂದು ಕೊಬ್ಬರಿ ಬಟ್ಟಲು. ಹಳೆ ಹೊಟ್ಟಿನಲ್ಲಿ ಬೆಳೆದ ಮರಿ ಗಟ್ಟಿಯಾಗುತ್ತದೆ ಎಂಬುದು ಅವರ ಕಡೆಯ ನಂಬಿಕೆ. ಮನೆಯಿಂದ ಹೋಗುವ ಹೆಣ್ಣಿಗೆ ಉಡಿ ತುಂಬುವುದು ನಮ್ಮ ಕಡೆಯ ರೂಢಿ. ಎರಡನ್ನೂ ಕೂಡಿಸಿ ತಂದಿದ್ದಳು ಮಹಾತಾಯಿ.

"ಸೆರಗು ಪಟ್ಟು, ಹಿಡಿ ಹುಲಿಗಮ್ಮಾ, ಉಡಿ ತುಂಬ್ತೀನಿ" ಎಂದಳು.

ಹುಲಿಗೆವ್ವ ಎರಡು ಹೆಜ್ಜೆ ಹಿಂದೆ ಸರಿದಳು. ಗಂಡ ಸತ್ತವಳಿಗೆ ನಮ್ಮಲ್ಲಿ ಉಡಿ ತುಂಬುವುದಿಲ್ಲ. "ಬ್ಯಾಡಬೇ ಯವ್ವಾ, ನನಗ ನಡಿಯೂದಿಲ್ಲ."

"ನಿನ್ಗ್ಯಾರು ತುಂಬ್ತಾರೆ? ಶೆಡ್ಡಿಗೆ ತುಂಬ್ತೀನಿ ನಾನು. ನಿನ್ ಶೆಡ್ಡು ಮುತ್ತೈದೆ ಕದಾ! ನೀನು ಅದ್ರ ತಾಯಿ, ಸೆರಗು ಪಟ್ಟು."

ನನ್ನ ತಂಗಿ ಸೆರಗು ಒಡ್ಡಿದಳು. ವೆಂಕಾಯಮ್ಮ ಬೊಗಸೆ ಬೊಗಸೆ ಹೊಟ್ಟು ಸುರಿದಳು. ಧೂಳು ಎದ್ದು ಬಾಗಿಲ ಬಿಸಿಲಿನಲ್ಲಿ ಹೊಳೆಯಿತು. ಹುಲಿಗೆವ್ವ ಒಳಗೆ ನಡೆದು, ಇದ್ದಿಲ ಒಲೆಯ ಸುತ್ತ ಹಳದಿ ಹೂವಿನ ಹಾಗೆ ಗುಂಪಾಗಿದ್ದ ಮರಿಗಳ ನಡುವೆ ಸೆರಗು ಬಿಚ್ಚಿ ಕೊಡವಿದಳು. ಅಳುತ್ತಿದ್ದಳು, ನಗುತ್ತಿದ್ದಳು. ಮರಿಗಳು ಆ ಧೂಳಿನಲ್ಲಿ ಕೆದರಾಡಿದವು.

ಬೇಸಿಗೆ ಕಳೆಯಿತು. ಅಷ್ಟು ಚೆಂದದ ಮರಿಗಳನ್ನು ನಾನು ಕಂಡಿರಲಿಲ್ಲ. ನಾನು ಗಂಗಾವತಿಯಿಂದ ವಾರಕ್ಕೊಮ್ಮೆ ಹೋದಾಗ ಹುಲಿಗೆವ್ವ ಒಂದೊಂದನ್ನೂ ಎತ್ತಿ ತೋರಿಸುತ್ತಿದ್ದಳು. ಜಾಲರಿಯಾಚೆ ದುರಗಪ್ಪನ ಹೆಂಡತಿ ಈರವ್ವ ನಿಂತು, "ಏನ ಹುಲಿಗೀ, ಮಕ್ಕಳಿಗಿಂತ ಜೋರ ಜ್ವಾಪಾನ ಮಾಡಾಕತ್ತೀಯಲ್ಲ. ಹೆಸರೂ ಇಟ್ಟೀಯೇನ?" ಎನ್ನುತ್ತಿದ್ದಳು. "ಒಂದಕ್ಕ ಈರಿ ಅಂತ ಇಟ್ಟೀನಿ ನೆಗೆಣ್ಣಿ, ಬರೀ ಕುಕ್ಕತೈತಿ" ಎಂದು ನನ್ನ ತಂಗಿ ತಿರುಗಿ ಕೊಡುತ್ತಿದ್ದಳು. ಆ ನಗು ಬಹಳ ದಿನ ಇರಲಿಲ್ಲ.

ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾಯಿತು. ಆ ವರ್ಷ ಮಳೆ ಸುರಿಯಲೂ ಇಲ್ಲ, ಬಿಡಲೂ ಇಲ್ಲ. ಮೋಡ ದಿನವಿಡೀ ತಲೆಯ ಮೇಲೆ ಕೂತೇ ಇತ್ತು. ಅಂಥ ಒಂದು ಬೆಳಿಗ್ಗೆ ಹೋದಾಗ ಹುಲಿಗೆವ್ವ ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕೂತು ಒಳಗೇ ನೋಡುತ್ತಿದ್ದಳು.

"ಅಕ್ಕಾ, ಆ ಕೋಳಿ ನೋಡು. ಏನ ಮಾಡಾಕತ್ತೈತಿ ಅದು?"

ಒಂದು ಪಿಳ್ಳೆ ಹೊಟ್ಟಿನ ಮೇಲೆ ಕೂತಿತ್ತು. ಒಂದು ಕಾಲು ಮುಂದಕ್ಕೆ ಚಾಚಿದೆ, ಇನ್ನೊಂದು ಹಿಂದಕ್ಕೆ. ಹೆಜ್ಜೆ ಇಡುವಾಗಲೇ ಯಾರೋ ಅದನ್ನು ನೆಲಕ್ಕೆ ಒತ್ತಿ ಹಿಡಿದ ಹಾಗೆ. ನೋವಿನ ದನಿ ಇಲ್ಲ. ಕಾಳು ತೋರಿಸಿದರೆ ಕತ್ತು ಚಾಚುತ್ತದೆ, ಏಳಲಾರದು. ನಾನು ಎತ್ತಿ ನಿಲ್ಲಿಸಿದೆ. ಕೈ ಬಿಟ್ಟ ಕೂಡಲೇ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ, ಮತ್ತೆ ಹಾಗೆಯೇ ಕೂತಿತು.

ವಾಯು ಇರಬೇಕೆಂದು ಬೆಳ್ಳುಳ್ಳಿ ಅರೆದು ಹಾಕಿದೆವು. ಮರುವಾರ ಇನ್ನೂ ಕೆಲವು ಹಾಗೆ ಕೂತವು. ಕೆಲವುಗಳ ಕಣ್ಣಿನ ಕೆಂಪು ಬಣ್ಣ ಮಾಸಿ ಬೂದಿಯಾಗಿತ್ತು. ಕೆಲವು ಏನೂ ತೋರಿಸದೆ ತೆಳ್ಳಗಾಗಿ, ಎದೆಯ ಮೂಳೆ ಚೂರಿಯಂತೆ ಎದ್ದು ಸತ್ತವು. ಎಲ್ಲಕ್ಕಿಂತ ಕೆಟ್ಟದ್ದು ಸದ್ದಿಲ್ಲದ್ದು. ಕೋಳಿ ಬೇನೆ ಬಂದರೆ ಒಂದೇ ರಾತ್ರಿಗೆ ಶೆಡ್ಡು ಬರಿದಾಗುವುದನ್ನು ನಾನು ಕಂಡಿದ್ದೆ, ಅತ್ತು ಮುಗಿಸಬಹುದು. ಇದು ಅವಸರವಿಲ್ಲದ ಸಾವು. ದಿನವೂ ಒಂದಿಷ್ಟು ಆರಿಸಿಕೊಂಡು ಹೋಗುತ್ತಿತ್ತು.

ಈರವ್ವ ಈಗ ಜಾಲರಿಯಿಂದ ದೂರ ನಿಂತು ಮಾತಾಡುತ್ತಿದ್ದಳು. ಆಡಿದ್ದು ನಮಗೆ ಬಾವಿಕಟ್ಟೆಯ ಮೇಲೆ ಸಿಕ್ಕಿತು: ಗಂಡ ರಕ್ತ ಕೆಟ್ಟು ಸತ್ತ, ಈಗ ಕೋಳಿ ಕೂತಲ್ಲೇ ಸಾಯಾಕತ್ತಾವು, ಆಕಿ ಕೈಯಾಗ ಐತಿ ಅದು. ಊರಲ್ಲಿ ಹುಲಿಗೆವ್ವನ ಕೈಯಿಂದ ನೀರು ಇಸಿದುಕೊಳ್ಳುವುದನ್ನು ಬಿಟ್ಟರು. ನಾಟಿಗೆ ಕರೆಯುವುದನ್ನು ಬಿಟ್ಟರು. ಒಂದು ಸಂಜೆ ಅವಳು ನನ್ನ ಮುಂದೆ ಎರಡೂ ಅಂಗೈ ಚಾಚಿ, "ಅಕ್ಕಾ, ಖರೇನ ಇದ್ದರ? ನಮ್ಮ ಮನಿಯವರಿಗೂ ನಾನ ಹಚ್ಚಿದ್ದರ?" ಎಂದಳು. ನಾನು ಎದ್ದು ನನ್ನ ತತ್ತಿ ಬುಟ್ಟಿ ಖಾಲಿ ಮಾಡಿಟ್ಟೆ.

ಮರುದಿನ ಒಂದು ಸತ್ತದ್ದು, ಒಂದು ಕೂತದ್ದು, ಎರಡನ್ನೂ ಬುಟ್ಟಿಯಲ್ಲಿ ಹಾಕಿ, ಹುಲಿಗೆವ್ವನನ್ನೂ ಎಬ್ಬಿಸಿಕೊಂಡು ಗಂಗಾವತಿಯ ದನದ ದವಾಖಾನೆಗೆ ಹೋದೆ. ಡಾಕ್ಟರು ವಯಸ್ಸಿನಲ್ಲಿ ಸಣ್ಣವರು, ಧಾರವಾಡದ ಕಡೆಯವರು. ಹೊರಗಿನ ಕಟ್ಟೆಯ ಮೇಲೆ ಸತ್ತ ಕೋಳಿಯನ್ನು ಸೀಳಿದರು. ಕರುಳು ಬಗ್ಗಿ ನೋಡುವ ಧೈರ್ಯ ನನಗಿದೆ, ಎಷ್ಟೋ ಕೋಳಿ ಕೊಯ್ದವಳು. ಆದರೆ ಆ ಲಿವರ್ ನೋಡಿ ಹಿಂದೆ ಸರಿದೆ. ಕೆಂಪು ಮಾಂಸದ ತುಂಬ ಬಿಳಿ ಗಂಟುಗಳು, ಬೇಯಿಸಿದ ಅಲಸಂದೆ ಕಾಳು ಹುಗಿದಂತೆ. ತೊಡೆ ಬಿಡಿಸಿ ಎರಡು ನರ ಎತ್ತಿ ತೋರಿಸಿದರು. ಒಂದು ಹೊಲಿಗೆಯ ದಾರದಷ್ಟು ತೆಳ್ಳಗೆ, ಇನ್ನೊಂದು ಊದಿ ಗೋಣಿಯ ಹುರಿಯಷ್ಟು ದಪ್ಪ.

"ಕಾಲು ಹಿಂಗ್ಯಾಕ ಆಗತೈತಿ ಅಂದ್ರ ಇದಕ್ಕ ನೋಡ್ರಿ" ಎಂದರು. "ರಕ್ತದಾಗ ಬಿಳಿ ಕಣ ಅದಾವಲ್ಲರಿ, ಮೈಗೆ ಕಾವಲು ಕಾಯೋವು, ಅವುಗಳೊಳಗ ಒಂದು ವೈರಸ್ಸು ಹೋಗಿ ಕುಂದರತೈತಿ. ಕಾವಲಿನವನ್ನ ಹಿಡಿದು ಕಳ್ಳನ್ನ ಮಾಡಿದಂಗ. ಆ ಕಣ ಸಿಕ್ಕಾಪಟ್ಟಿ ಹುಟ್ಟತಾವು, ನರದಾಗ ಸೇರತಾವು, ಲಿವರದಾಗ ಗಂಟ ಕಟ್ಟತಾವು."

ಹುಲಿಗೆವ್ವ ಮೊದಲ ಸಲ ಬಾಯಿ ಬಿಟ್ಟಳು. "ಕ್ಯಾನ್ಸರ್ ಏನ್ರಿ ಸಾಹೇಬ್ರ?"

"ಹೌದ್ರಿ, ಒಂಥರಾ ಅದ."

"ನಮ್ಮ ಮನಿಯವರಿಗೂ ಅದ ಆಗಿತ್ತು. ಬಿಳಿ ಕಣದ್ದ."

ಡಾಕ್ಟರು ಕೈ ತೊಳೆಯುತ್ತಿದ್ದವರು ತಿರುಗಿದರು. ಅವರಿಗೆ ಎಲ್ಲ ತಿಳಿಯಿತು ಎಂದು ಕಾಣುತ್ತದೆ. ಬಂದು ಅವಳ ಎದುರು ಕಟ್ಟೆಯ ಮೇಲೆಯೇ ಕೂತರು. "ನೋಡವಾ, ಅದು ಬ್ಯಾರೆ, ಇದು ಬ್ಯಾರೆ. ಇದು ಕೋಳಿಯಿಂದ ಕೋಳಿಗಷ್ಟ. ಮನಷ್ಯಾರಿಂದ ಕೋಳಿಗೆ ಬರೂದಿಲ್ಲ, ಕೋಳಿಯಿಂದ ಮನಷ್ಯಾರಿಗೆ ಹೋಗೂದಿಲ್ಲ. ನಿನ್ನ ಕೈಯಾಗ ಏನೂ ಇಲ್ಲ."

ನನ್ನ ತಂಗಿ ಅಂಗೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡಳು.

"ಮತ್ತ ಹೆಂಗ ಬಂತ್ರಿ ನಮ್ಮ ಶೆಡ್ಡಿಗೆ?" ಎಂದೆ ನಾನು.

"ಪುಕ್ಕದ ಬುಡದಾಗ ತಯಾರಾಗತೈತಿ. ಧೂಳಿನಾಗ ಉದರತೈತಿ, ಆ ಧೂಳಿನಾಗ ತಿಂಗಳಗಟ್ಲೆ ಸಾಯೂದಿಲ್ಲ. ಈಗ ಇದಕ್ಕ ಸೂಜಿ ಬಂದೈತಿ. ಕ್ಯಾನ್ಸರ್ ಬರದಂಗ ಹಾಕೋ ಸೂಜಿ ಮನಷ್ಯಾರಿಗಿಂತ ಮೊದಲ ಕೋಳಿಗೆ ಬಂದೈತಿ ನೋಡ್ರಿ. ಆದ್ರ ಸೂಜಿ ಹಾಕಿದ ಕೋಳಿ ತಾನು ಬೀಳೂದಿಲ್ಲ ಅಷ್ಟ, ಜಡ್ಡ ಮೈಯಾಗ ಇಟ್ಟಗೊಂಡು ಧೂಳಿನಾಗ ಉದರಸ್ತಿರತೈತಿ. ಮರಿ ಸಣ್ಣವಿದ್ದಾಗ ಬ್ಯಾರೆ ಶೆಡ್ಡಿನ ಹೊಟ್ಟು ಏನಾರ ತಂದು ಹಾಕಿದ್ರೇನು?"

ನಾನು ಹುಲಿಗೆವ್ವನ ಮುಖ ನೋಡಿದೆ. ಅವಳು ನನ್ನ ಮುಖ ನೋಡಲಿಲ್ಲ. "ಇಲ್ರಿ" ಎಂದಳು.

ಡಾಕ್ಟರು ಮುಂದೆ ಹೇಳಿದ್ದು ಇನ್ನೂ ಕಠಿಣವಿತ್ತು. ಬಂದದ್ದಕ್ಕೆ ಔಷಧವಿಲ್ಲ. ಕೆಲವು ಉಳಿಯಬಹುದು, ಆದರೆ ಉಳಿದವು ಬದುಕಿರುವ ತನಕ ಜಡ್ಡನ್ನು ಉದುರಿಸುತ್ತಲೇ ಇರುತ್ತವೆ. ಒಳ್ಳೆಯದೆಂದರೆ ಎಲ್ಲವನ್ನೂ ತೆಗೆದು, ಹೊಟ್ಟು ಸುಟ್ಟು, ಸುಣ್ಣ ಬಳಿದು, ಶೆಡ್ಡನ್ನು ಕೆಲವು ತಿಂಗಳು ಖಾಲಿ ಬಿಡುವುದು. ಖಾಲಿ ಎಂಬ ಆ ಒಂದು ಮಾತನ್ನು ಕೇಳಿಯೂ ಕೇಳದವರಂತೆ ಇಬ್ಬರೂ ಎದ್ದೆವು.

ಬಸ್ಸಿನಲ್ಲಿ ನನ್ನ ಸಿಟ್ಟು ಉಕ್ಕಿತು. "ನಾಳೆ ವೆಂಕಾಯಮ್ಮನ ಮನಿಗೆ ಹೊಕ್ಕೀನಿ. ಆಕಿ ಹೊಟ್ಟಿನಿಂದ ಬಂದೈತಿ. ಊರ ಮುಂದ ನಿಂತು ಹೇಳತೀನಿ, ನಿನ್ನ ಕೈಯಾಗ ಏನೂ ಇಲ್ಲ ಅಂತ ಎಲ್ಲಾರೂ ಕೇಳಲಿ."

"ಹೋಗಬ್ಯಾಡ."

"ನಿನಗ ಹುಚ್ಚ ಹಿಡದೈತೇನ? ಊರು ನಿನ್ನ ಕೈಯಾಗಿನ ನೀರು ಕುಡಿಯವಲ್ದು!"

"ಅಕ್ಕಾ, ಇನ್ನ ನನ್ನ ಜೀವಮಾನದಾಗ ನನಗ ಯಾರೂ ಉಡಿ ತುಂಬೂದಿಲ್ಲ. ತುಂಬಿದಾಕಿ ಆಕಿ ಒಬ್ಬಾಕಿ. ಅದನ್ನ ವಿಷ ಅಂತ ಹೇಳಿ ಆಕಿ ಮಾರಿಗೆ ಹೊಡೀಬ್ಯಾಡ. ನನ್ನಾಣಿ."

ಆಣೆ ಹಾಕಿದವರ ಜೊತೆ ಚೌಕಾಸಿ ನಡೆಯುವುದಿಲ್ಲ. ಮನುಷ್ಯರಿಂದ ಬಂದದ್ದಲ್ಲ ಎಂದು ಡಾಕ್ಟರು ಹೇಳಿದ್ದನ್ನು ಊರಿಗೆ ಹೇಳಿದೆ. ಎಲ್ಲಿಂದ ಬಂತು ಎಂಬುದನ್ನು ಹೇಳಲಿಲ್ಲ. ಅರ್ಧ ಮಾತಿಗೆ ಊರು ಅರ್ಧ ಕಿವಿಯನ್ನೇ ಕೊಟ್ಟಿತು. ಇವತ್ತು ನನ್ನನ್ನು ಕೇಳಿದರೆ, ಹೇಳಬೇಕಾದದ್ದನ್ನು ಪೂರ್ತಿ ಹೇಳಿ ಎನ್ನುತ್ತೇನೆ. ಆ ಬಸ್ಸಿನಲ್ಲಿ ಅವಳ ಪಕ್ಕ ಕೂತಿದ್ದರೆ ನೀವು ಏನು ಮಾಡುತ್ತಿದ್ದಿರೋ ಗೊತ್ತಿಲ್ಲ.

ಸುದ್ದಿ ತಿಳಿದು ವೆಂಕಾಯಮ್ಮ ಓಡಿ ಬಂದಳು, ಕೆಸರಲ್ಲಿ ಸೀರೆ ಎತ್ತಿಕಟ್ಟಿ. ಕೂತ ಕೋಳಿಗಳನ್ನು ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು. ತಲೆಯ ಮೇಲೆ ಮತ್ತೆ ಅದೇ ಮರ, ತುಂಬಿದ ಮರ. "ಅಯ್ಯೋ ತಲ್ಲೀ, ಮೊದಲ್ನೇ ಸಲ ಕಮ್ಮಿ ಹಾಕ್ಬಿಟ್ಟೆ ಅನ್ಸತ್ತೆ ನಾನು. ಈ ಸಲ ತುಂಬಾ ತಂದಿದೀನಿ. ಪಟ್ಟು ಸೆರಗು."

ಹುಲಿಗೆವ್ವ ಒಂದು ಗಳಿಗೆಯೂ ತಡೆಯಲಿಲ್ಲ. ಸೆರಗು ಒಡ್ಡಿದಳು. ಮುದುಕಿ ಬೊಗಸೆ ಬೊಗಸೆ ಸುರಿದಳು, ಅರಿಸಿನದ ಕೈಯಿಂದ ಅವಳ ಗಲ್ಲ ಸವರಿದಳು. ಮುದುಕಿ ಕಾಲುವೆಯ ಏರಿ ದಾಟಿ ಕಣ್ಮರೆಯಾಗುವ ತನಕ ಹುಲಿಗೆವ್ವ ಆ ಭಾರವನ್ನು ಹೊಟ್ಟೆಗೆ ಅವಚಿ ನಿಂತಿದ್ದಳು. ಆಮೇಲೆ ಶೆಡ್ಡಿನ ಹಿಂದೆ ಒಯ್ದು ಸುಟ್ಟಳು. ಹಸಿ ಗಾಳಿಗೆ ಉರಿ ಹತ್ತದೆ ಹೊಗೆಯಷ್ಟೇ ಎದ್ದು, ಭತ್ತದ ಮಡಿಗಳ ಮೇಲೆ ಬಹಳ ಹೊತ್ತು ಕೂತಿತ್ತು.

ಮಹಾನವಮಿಯವರೆಗೆ ಸಾವು ನಡೆಯಿತು. ದುರಗಪ್ಪ ದಿನಾ ಸಂಜೆ ಏರಿಯ ಮೇಲೆ ಬೀಡಿ ಹಚ್ಚಿ ನಿಂತು ಶೆಡ್ಡಿನ ಕಡೆ ನೋಡುತ್ತಿದ್ದ. ಭತ್ತದ ಕಣದ ಅಳತೆ ಹಾಕುತ್ತಿದ್ದಾನೆ ಎಂದು ನಮಗೆ ಗೊತ್ತಿತ್ತು. ಹುಲಿಗೆವ್ವ ಹಾಸಿಗೆಯನ್ನು ಜಾಲರಿಯ ಪಕ್ಕಕ್ಕೆ ತಂದುಕೊಂಡಳು. ಆಮೇಲೆ ಒಂದು ವಾರ ಒಂದೂ ಸಾಯಲಿಲ್ಲ. ಮತ್ತೊಂದು ವಾರ. ಒಂದು ಮೂಲೆಯಲ್ಲಿ ಹಿಡಿಯಷ್ಟು ಕೋಳಿ ಉಳಿದಿದ್ದವು, ಎರಡೂ ಕಾಲ ಮೇಲೆ ನಿಂತು, ಕೆಂಪು ಕಣ್ಣು ಹೊರಳಿಸುತ್ತ. ಚಳಿ ಬೀಳುವ ಹೊತ್ತಿಗೆ ತತ್ತಿ ಇಡತೊಡಗಿದವು. ಜಡ್ಡಿನ ಕೋಳಿಯ ತತ್ತಿ ಎಂದು ಊರು ಮುಟ್ಟಲಿಲ್ಲ. ನಾನು ಮೊದಲ ತತ್ತಿಯನ್ನು ದುರಗಪ್ಪನ ಅಂಗಳದಲ್ಲೇ ಒಡೆದು ಹಸಿಯಾಗಿ ಕುಡಿದೆ. ಒಳಗೆ ಅಂಜಿದ್ದೆ, ಮುಖದ ಮೇಲೆ ತೋರಿಸಲಿಲ್ಲ.

ಯುಗಾದಿಗೆ ಮುಂಚೆ ಪಂಚರು ಬಂದು ನೋಡಿದರು. "ಇಷ್ಟ ಕೋಳಿ ಅಂದ್ರ ಖಾಲಿ ಅಂದಂಗ ಆತಲ್ರಿ" ಎಂದ ದುರಗಪ್ಪ.

"ಎಷ್ಟ ಇರಬೇಕು ಅಂತ ನೀವು ಯಾವಾಗ ಅಂದಿದ್ರಿ ಭಾವಾರ?" ಎಂದೆ. ಪಂಚರಲ್ಲಿ ಹಿರಿಯರು ಮೀಸೆಯಲ್ಲೇ ನಕ್ಕು, ಜಾಗ ಹುಡುಗಿಯದು ಎಂದರು.

ಇನ್ನು ಡಾಕ್ಟರು ಹೇಳಿದ್ದನ್ನೇ ಮಾಡುವುದೆಂದು ಆಯಿತು. ಹಬ್ಬ ಮುಗಿದ ಮರುದಿನ ಕೋಳಿ ತೆಗೆದು, ಹೊಟ್ಟೆಲ್ಲ ಸುಟ್ಟು, ಸುಣ್ಣ ಬಳಿದು, ಶೆಡ್ಡನ್ನು ಧೈರ್ಯವಾಗಿ ಖಾಲಿ ಬಿಡುವುದು. ಹಬ್ಬದ ಮಧ್ಯಾಹ್ನ ಈರವ್ವ ಬಂದಳು, ಕೈಯಲ್ಲಿ ಖಾಲಿ ಮರ. ಏರಿಯ ಆಚೆ ಅವರೂ ಒಂದು ಶೆಡ್ಡು ಎಬ್ಬಿಸಿದ್ದರು, ಹುಲಿಗೆವ್ವನ ತತ್ತಿ ಗಂಗಾವತಿಯಲ್ಲಿ ಹೋಗುವುದನ್ನು ನೋಡಿ. ಅವತ್ತು ಬೆಳಿಗ್ಗೆ ಮರಿ ಬಂದಿದ್ದವು, ನಮಗೆ ಸಿಕ್ಕಂಥವೇ, ಸೂಜಿ ಕಾಣದವು.

"ಹುಲಿಗೀ, ಹಿಂದಿಂದೆಲ್ಲಾ ಮರತಬಿಡು" ಎಂದಳು. ದನಿ ನಿಜವಾಗಿಯೂ ಮೆತ್ತಗಿತ್ತು. "ಸಾವು ಗೆದ್ದ ಶೆಡ್ಡ ನಿಂದು. ನಿನ್ನ ಕೈಯಾರೆ ನನ್ನ ಶೆಡ್ಡಿಗೆ ಉಡಿ ತುಂಬು."

ನನ್ನ ತಂಗಿಯ ಕಣ್ಣಲ್ಲಿ ಏನೋ ಹೊಳೆದು ಆರಿತು. ವರ್ಷವಿಡೀ ಅವಳ ಕೈಯನ್ನು ದೂರಿದವಳು ಈಗ ಅದೇ ಕೈಯಿಂದ ಉಡಿ ಬೇಡುತ್ತಿದ್ದಳು. "ಬ್ಯಾಡ ನೆಗೆಣ್ಣಿ. ಈ ಹೊಟ್ಟಿನಾಗ ಜಡ್ಡ ಐತಿ. ಮಿಲ್ಲಿನ್ದು ಹೊಸಾದು ತಂದು ತುಂಬತೀನಿ, ನಾಳೆನ ತುಂಬತೀನಿ."

"ಹೊಸಾ ಹೊಟ್ಟು ನನಗ ಸಿಗೂದಿಲ್ಲೇನ?" ಈರವ್ವನ ದನಿ ಏರಿತು. "ವೆಂಕಾಯಮ್ಮ ನಿನಗ ಹಳೇದ ತುಂಬಿದ್ಲಲ್ಲ, ಆವಾಗ ಜಡ್ಡ ಇದ್ದಿಲ್ಲೇನ ಅದರಾಗ?"

ನಾನು ಬಾಯಿ ತೆರೆದೆ. ಹುಲಿಗೆವ್ವ ನನ್ನ ಮುಂಗೈ ಹಿಡಿದಳು, ಗಟ್ಟಿಯಾಗಿ. ಬಾಯಿ ಮುಚ್ಚಿದೆ.

"ಹೇಳಾಕ ಮಾತಿಲ್ಲ, ಅಲ್ಲ? ಹೊಟ್ಟಿಕಿಚ್ಚ ಅನ್ನು, ಮುಗೀತು" ಎಂದು ಈರವ್ವ ಮರ ಎತ್ತಿಕೊಂಡು ಹೋದಳು.

ಆ ರಾತ್ರಿ ನಾವಿಬ್ಬರೂ ದಣಿದು ಮನೆಯಲ್ಲಿ ಮಲಗಿದೆವು. ಬೆಳಿಗ್ಗೆ ಸೀಮೆಎಣ್ಣೆ ಡಬ್ಬಿ, ಸುಣ್ಣದ ಚೀಲ ಹಿಡಿದು ಶೆಡ್ಡಿಗೆ ಹೋದಾಗ ಬಾಗಿಲಿನ ತಂತಿ ಬಿಚ್ಚಿತ್ತು. ಕೋಳಿಗಳು ನೆಟ್ಟಗಿದ್ದವು. ನಡುವಿನ ಹೊಟ್ಟಿನಲ್ಲಿ ಒಂದು ಗುಳಿ, ಮರ ಒತ್ತಿ ಬಾಚಿಕೊಂಡಷ್ಟು ಅಗಲ, ಕೆಳಗಿನ ಮಣ್ಣು ಕಾಣುತ್ತಿತ್ತು. ಬಾಗಿಲಿನಿಂದ ಒಂದು ಸಣ್ಣ ಗೆರೆಯ ಹಾಗೆ ಹೊಟ್ಟು ಚೆಲ್ಲುತ್ತ ಹೋಗಿ, ಏರಿ ಹತ್ತಿ, ಆಚೆ ಇಳಿದಿತ್ತು.

ನಾವು ಆ ಗೆರೆ ಹಿಡಿದು ನಡೆದೆವು. ಈರವ್ವನ ಹೊಸ ಶೆಡ್ಡಿನಲ್ಲಿ ಇದ್ದಿಲು ಕೆಂಪಗೆ ಉರಿಯುತ್ತಿತ್ತು. ಸುತ್ತಲೂ ಹಳದಿ ಮರಿಗಳು ಬೂದುಬಣ್ಣದ ಧೂಳಿನಲ್ಲಿ ಚಿಲಿಪಿಲಿ ಎಂದು ಕೆದರಾಡುತ್ತಿದ್ದವು. ಹುಲಿಗೆವ್ವ ಜಾಲರಿಗೆ ಹಣೆ ಹಚ್ಚಿ ನಿಂತಳು. ಒಂದೊಂದು ಮರಿಯೂ ಆಗಿನ್ನೂ ಎರಡೂ ಕಾಲ ಮೇಲೆ ಸಮನಾಗಿ ನಿಂತಿತ್ತು.